ಕುಂಡದ ನಿಂಬೆ, ಕಿತ್ತಳೆ ಗಿಡ ಸೊರಗುತ್ತಿವೆ: ಹುಳುವೋ, ಬೇರೋ, ರೋಗವೋ?

ಮಡಿಕೇರಿ ಮಹಡಿ

ಎಲ್ಲರಿಗೂ ನಮಸ್ಕಾರ. ನಮ್ಮದು ಮಡಿಕೇರಿ ಪೇಟೆಯೊಳಗಿನ ಮನೆ. ನೆಲ ಇಲ್ಲ, ಇರುವ ಗಿಡವೆಲ್ಲ ಮಹಡಿ ಮೇಲೆ. ದೊಡ್ಡ ಕುಂಡಗಳಲ್ಲಿ ಒಂದು ಕಾಗ್ಜಿ ನಿಂಬೆ, ಒಂದು ಗಜನಿಂಬೆ, ಒಂದು ಕೊಡಗಿನ ಕಿತ್ತಳೆ ಕಸಿ ಗಿಡ ಇವೆ. ಮಳೆ ಕಡಿಮೆಯಾಗುತ್ತಿದ್ದ ಹಾಗೆ ಮೂರೂ ಒಟ್ಟಿಗೆ ಮುನಿಸಿಕೊಂಡಿವೆ.

ನಿಂಬೆಯಲ್ಲಿ ಹೊಸ ಚಿಗುರೆಲ್ಲ ಮುದುಡಿದೆ. ಎಲೆ ಮೇಲೆ ಬೆಳ್ಳಗೆ ಹೊಳೆಯುವ ಸೊಟ್ಟ ಗೆರೆಗಳು. ಹಳೆ ಎಲೆಗಳ ಮೇಲೆ ಕಪ್ಪು ಮಸಿ, ಮುಟ್ಟಿದರೆ ಕೈಗೆ ಅಂಟು. ಇರುವೆ ಸಾಲು ಬೇರೆ.

ಗಜನಿಂಬೆ ಎಲೆಗಳನ್ನು ಅಂಚಿನಿಂದ ಏನೋ ತಿನ್ನುತ್ತಿದೆ. ಕೆಲವು ಕಡೆ ನಡುವಿನ ನರ ಮಾತ್ರ ಉಳಿದಿದೆ.

ಕಿತ್ತಳೆಯದೇ ದೊಡ್ಡ ಚಿಂತೆ. ಎಲೆ ಹಳದಿ. ಮಣ್ಣು ಒದ್ದೆ ಇದ್ದರೂ ಎಲೆ ಜೋತು ಬಿದ್ದಿದೆ, ಗಾಳಿ ಬಂದರೆ ಉದುರುತ್ತಿದೆ.

ಗೊಬ್ಬರದ ಅಂಗಡಿಯಲ್ಲಿ ಕೇಳಿದ್ದಕ್ಕೆ ಮೂರು ಬಾಟಲಿ ಕೊಟ್ಟರು. ಮೊದಲು ಯಾವುದು ಹೊಡೆಯಲಿ?

ತೋಟದಮನೆ (ಸಿದ್ದಾಪುರ)

ಸದ್ಯಕ್ಕೆ ಯಾವುದನ್ನೂ ಹೊಡೆಯಬೇಡಿ. ಮುಚ್ಚಳ ತೆಗೆಯದಿದ್ದರೆ ವಾಪಸ್ ಕೊಡಬಹುದು.

ನೀವು ಹೇಳಿದ್ದು ಒಂದು ಕಾಯಿಲೆ ಅಲ್ಲ, ನಾಲ್ಕು. ನಿಂಬೆಯಲ್ಲಿ ಎರಡು, ಗಜನಿಂಬೆಯಲ್ಲಿ ಒಂದು, ಕಿತ್ತಳೆಯಲ್ಲಿ ಇನ್ನೊಂದು. ಮೊದಲ ಮೂರು ಹುಳುವಿನ ಕೆಲಸ, ಗಿಡ ಸಾಯುವುದಿಲ್ಲ. ಕಿತ್ತಳೆಯದು ಹಾಗಲ್ಲ. ಮಣ್ಣಲ್ಲಿ ನೀರಿದ್ದೂ ಎಲೆ ಬಾಡಿದರೆ ನೀರು ಎಳೆಯುವ ಬೇರೇ ಇಲ್ಲ ಎಂದು ಅರ್ಥ. ಎಲೆಗೆ ಏನು ಹೊಡೆದರೂ ಬೇರು ಬರುವುದಿಲ್ಲ.

ನಾಲ್ಕು ವಿಷಯ ನೋಡಿ ಬರೆಯಿರಿ. ಹಳದಿಯಾಗಿರುವುದು ಹಳೆ ಎಲೆಯೋ ಹೊಸ ಎಲೆಯೋ. ಕುಂಡದ ತಳದ ತೂತಿನಿಂದ ನೀರು ಹೊರಗೆ ಬರುತ್ತದೋ ಇಲ್ಲವೋ. ಕಸಿ ಗಂಟು (ಕಿತ್ತಳೆಯನ್ನು ಬೇರುಗಿಡಕ್ಕೆ ಕೂಡಿಸಿದ ಜಾಗ) ಮಣ್ಣಿನ ಮೇಲಿದೆಯೋ ಒಳಗಿದೆಯೋ. ಬುಡದ ತೊಗಟೆ ಕಪ್ಪಾಗಿ ಅಂಟು ಸೋರುತ್ತಿದೆಯೋ.

ಕುಶಾಲನಗರ ಕೈತೋಟ

ನಿಂಬೆಯ ಮಸಿ ಬಗ್ಗೆ ನಾನು ಹೇಳುತ್ತೇನೆ. ಆ ಕಪ್ಪು ರೋಗವೇ ಅಲ್ಲ. ಎಲೆಯ ಹಿಂಭಾಗ ನೋಡಿ, ನಡುವಿನ ನರದ ಉದ್ದಕ್ಕೆ ಚಪ್ಪಟೆಯಾಗಿ ಹಸಿರು ಚುಕ್ಕಿಗಳು ಅಂಟಿಕೊಂಡಿರುತ್ತವೆ. ಉಗುರಿನಿಂದ ಕೆರೆದರೆ ಬರುತ್ತವೆ. ಅದು ಶಲ್ಕ ಕೀಟ. ರಸ ಹೀರಿ ಸಿಹಿ ಅಂಟು ಬಿಡುತ್ತದೆ. ಆ ಅಂಟಿನ ಮೇಲೆ ಬೂಷ್ಟು ಬೆಳೆಯುತ್ತದೆ. ಸಿಹಿಗಾಗಿ ಇರುವೆ ಬರುತ್ತದೆ. ಇರುವೆ ಇದ್ದಷ್ಟು ದಿನ ಕೀಟ ತಿನ್ನುವ ಬೇರೆ ಹುಳುಗಳನ್ನು ಅದು ಹತ್ತಿರ ಬಿಡುವುದಿಲ್ಲ. ಹಾಗಾಗಿ ಮೊದಲು ಇರುವೆ ನಿಲ್ಲಿಸಬೇಕು.

ಕುಂಡಕ್ಕೆ ಇದು ಸುಲಭ. ಬುಡದ ಸುತ್ತ ಟೇಪ್ ಸುತ್ತಿ ಅದರ ಮೇಲೆ ಗ್ರೀಸ್ ಹಚ್ಚಿ. ತೊಗಟೆಗೆ ನೇರ ಹಚ್ಚಬೇಡಿ, ಸುಡುತ್ತದೆ. ಕೊಂಬೆ ಗೋಡೆಗೋ ಬಟ್ಟೆ ಹಗ್ಗಕ್ಕೋ ತಾಗಿದ್ದರೆ ಇರುವೆ ಆ ದಾರಿಯಲ್ಲಿ ಬರುತ್ತದೆ, ಅದನ್ನೂ ಬಿಡಿಸಿ.

ಆಮೇಲೆ ಒದ್ದೆ ಬಟ್ಟೆಯಲ್ಲಿ ಎಲೆ ಹಿಂಭಾಗ ಒರೆಸಿ. ಒಂದು ಗಿಡ ತಾನೇ, ಕೂತು ಒರೆಸಿದರೆ ಮುಗಿಯುತ್ತದೆ. ಉಳಿದದ್ದಕ್ಕೆ 1 ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಒಂದೆರಡು ಮಿಲಿ ಸೋಪಿನ ದ್ರವ. ಸೋಪು ಮೊದಲು ಎಣ್ಣೆಗೆ ಸೇರಿಸಿ, ಆಮೇಲೆ ನೀರು. ಸಂಜೆ ಹೊಡೆಯಿರಿ. ವಾರ ಬಿಟ್ಟು ಇನ್ನೊಂದು ಸಲ. ಬಿಸಿಲಿನಲ್ಲಿ ಹೊಡೆದರೆ ಎಣ್ಣೆಗೇ ಎಲೆ ಸುಡುತ್ತದೆ.

ಮಸಿ ಬಿಡಿಸಲು ಗಂಜಿ ಸಾಕು. 50 ಗ್ರಾಂ ಮೈದಾ 1 ಲೀಟರ್ ನೀರಿನಲ್ಲಿ ಕುದಿಸಿ, ಆರಿಸಿ, ಬಿಸಿಲು ಬರುವ ದಿನ ಬೆಳಗ್ಗೆ ಸಿಂಪಡಿಸಿ. ಒಣಗಿದಾಗ ಹಪ್ಪಳದ ಹಾಗೆ ಎದ್ದು ಮಸಿ ಜೊತೆಗೆ ಉದುರುತ್ತದೆ.

ತೋಟದಮನೆ (ಸಿದ್ದಾಪುರ)

ಅಕ್ಕ ಹೇಳಿದ್ದು ಸರಿ. ಆ ಹಸಿರು ಶಲ್ಕ ಕೀಟ ನಮ್ಮ ಕಾಫಿಯಲ್ಲೂ ಇರುವ ಅದೇ. ಪೇಟೆ ಮಹಡಿಗೆ ತೋಟದಿಂದಲೇ ಬಂದಿರಬಹುದು, ಗಿಡದ ಜೊತೆಗೋ ಇರುವೆ ಹೊತ್ತೋ. ಬಿಳಿ ಹತ್ತಿಯ ಮುದ್ದೆ ಕಂಡರೆ ಅದು ಹಿಟ್ಟು ತಿಗಣೆ. ಅದಕ್ಕೂ ಇದೇ ಉಪಾಯ.

ಒಂದು ಎಚ್ಚರ. ಹಿಟ್ಟು ತಿಗಣೆ ಗುಂಪಿನೊಳಗೆ ಅದಕ್ಕಿಂತ ದೊಡ್ಡದಾಗಿ, ಮೈತುಂಬ ಬಿಳಿ ಎಳೆ ಇರುವ, ಚುರುಕಾಗಿ ಓಡಾಡುವ ಮರಿ ಕಂಡರೆ ಒರೆಸಬೇಡಿ. ಅದು ತಿಗಣೆಯನ್ನೇ ತಿನ್ನುವ ಕ್ರಿಪ್ಟೊಲೀಮಸ್ ಎಂಬ ದುಂಬಿಯ ಮರಿ. ಅದನ್ನು 1898ರಲ್ಲಿ ಆಸ್ಟ್ರೇಲಿಯಾದಿಂದ ತರಿಸಿದ್ದು ಕಾಫಿಯ ಹಸಿರು ಶಲ್ಕ ಕೀಟಕ್ಕೆ. ಅಲ್ಲಿ ಅಷ್ಟೇನೂ ಕೆಲಸ ಮಾಡಲಿಲ್ಲ, ಹಿಟ್ಟು ತಿಗಣೆಗೆ ಮಾತ್ರ ಯಮ. 1983ರಲ್ಲಿ ಅದೇ ತಿಗಣೆಗೆ ಲೆಪ್ಟೊಮ್ಯಾಸ್ಟಿಕ್ಸ್ ಎನ್ನುವ ಸಣ್ಣ ಕಣಜವನ್ನೂ ವೆಸ್ಟ್ ಇಂಡೀಸ್ ಕಡೆಯಿಂದ ತಂದರು. ಕಾಫಿ, ಕಿತ್ತಳೆ ಒಟ್ಟಿಗಿರುವ ತೋಟಗಳಲ್ಲಿ ಅದು ಚೆನ್ನಾಗಿ ನೆಲೆ ನಿಂತಿತು. ಅಂಗಡಿ ಬಾಟಲಿ ಹೊಡೆದರೆ ಇವೇ ಮೊದಲು ಸಾಯುವುದು.

ಚಿಟ್ಟೆ ಹಿಂದೆ (ವಿರಾಜಪೇಟೆ)

ಗಜನಿಂಬೆ ಕೇಸು ನನ್ನದು. ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದಂತೆ ಕಂಡರೆ ಹತ್ತಿರದಿಂದ ನೋಡಿ. ಕಂದು ಮೈ, ನಡುವೆ ಬಿಳಿ ಪಟ್ಟೆ. ಅದು ನಿಂಬೆ ಚಿಟ್ಟೆಯ ಮರಿ. ದೊಡ್ಡದಾದ ಮೇಲೆ ಹಸಿರಾಗುತ್ತದೆ, ಆಗ ಎಲೆ ಮಧ್ಯೆ ಹುಡುಕುವುದೇ ಕಷ್ಟ. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕೋಡು ಹೊರಗೆ ಹಾಕಿ ವಾಸನೆ ಬಿಡುತ್ತದೆ. ಕಚ್ಚುವುದಿಲ್ಲ.

ನಮ್ಮ ಕಡೆ ಬ್ಲೂ ಮಾರ್ಮನ್ ಕೂಡ ಇದೇ ಜಾತಿ ಗಿಡಗಳಲ್ಲಿ ಮೊಟ್ಟೆ ಇಡುತ್ತದೆ. ದಯವಿಟ್ಟು ಔಷಧ ಬೇಡ. ಕೈಯಲ್ಲಿ ತೆಗೆದು ಬೇರೆ ಯಾವುದಾದರೂ ನಿಂಬೆ ಜಾತಿಯ ಹಳೆ ಮರಕ್ಕೆ ಬಿಡಿ.

ತೋಟದಮನೆ (ಸಿದ್ದಾಪುರ)

ಪೇಟೆಯಲ್ಲಿ ಹಳೆ ಮರ ಎಲ್ಲಿ ಹುಡುಕುವುದು? ಮೊಣಕಾಲೆತ್ತರದ ಗಿಡಕ್ಕೆ ಇಂಥ ಮರಿ ನಾಲ್ಕು ಕೂತರೆ ಒಂದು ವಾರಕ್ಕೆ ಎಲೆ ಖಾಲಿ. ನಾನಂತೂ ಕೋಳಿಗೆ ಹಾಕುತ್ತೇನೆ.

ಚಿಟ್ಟೆ ಹಿಂದೆ (ವಿರಾಜಪೇಟೆ)

ಹಾಕಿ ಸಾರ್, ಕೋಳಿ ಹಾರುವುದಿಲ್ಲ, ಚಿಟ್ಟೆ ಹಾರುತ್ತದೆ. ನೋಡಲು ಯಾವುದು ಚೆಂದ ನೀವೇ ಹೇಳಿ.

ಮರಿಯನ್ನು ಎಲೆ ಸಮೇತ ಡಬ್ಬಿಯಲ್ಲಿ ಸಾಕಿದರೂ ಆಯಿತು. ಗಜನಿಂಬೆ ಬೇಗ ಚಿಗುರುತ್ತದೆ, ಕೆಲವು ಎಲೆ ಹೋದರೆ ಏನೂ ಆಗುವುದಿಲ್ಲ.

ನಾಪೋಕ್ಲು ನಾಲ್ಕುಗಂಟೆ

ನಮ್ಮನೆಯಲ್ಲಿ ಗಜನಿಂಬೆ ಉಪ್ಪಿನಕಾಯಿಗೆ ಕಾಯುವವರು ಚಿಟ್ಟೆಗಿಂತ ಜಾಸ್ತಿ. ಕೋಳಿ ಪಕ್ಷ.

ಮಡಿಕೇರಿ ಮಹಡಿ

ಎಲ್ಲರಿಗೂ ಥ್ಯಾಂಕ್ಸ್. ಹಸಿರು ಮರಿ ಸಿಕ್ಕಿತು. ಕೋಡೂ ತೋರಿಸಿತು. ಮಗಳು ಡಬ್ಬಿಯಲ್ಲಿ ಸಾಕುತ್ತೇನೆ ಎಂದು ಎತ್ತಿಕೊಂಡು ಹೋದಳು, ಆ ಜಗಳ ಅಲ್ಲಿಗೆ ಮುಗಿಯಿತು.

ನಿಂಬೆಯ ಬೆಳ್ಳಿ ಗೆರೆಗೆ ಯಾರೂ ಉತ್ತರ ಕೊಟ್ಟಿಲ್ಲ. ಆ ಎಲೆಗಳನ್ನು ಕಿತ್ತು ಹಾಕಲಾ?

ಕಿತ್ತಳೆ ಬಗ್ಗೆ: ಹಳೆ ಎಲೆಯೂ ಹಳದಿ, ಹೊಸದೂ ಹಳದಿ. ಆದರೆ ಬೇರೆ ಬೇರೆ ಥರ. ತೂತಿನಿಂದ ನೀರು ಬರುತ್ತದೆ. ಕಸಿ ಗಂಟು ಮಣ್ಣಿನ ಮೇಲಿದೆ. ಅಂಟು ಸೋರುತ್ತಿಲ್ಲ. ಇದು ನಿಂಬೆ, ಕಿತ್ತಳೆ ಜಾತಿಗೆ ಬರುವ, ವಾಸಿಯಾಗದ ಗ್ರೀನಿಂಗ್ ರೋಗವೇ ಇರಬೇಕು ಎಂದು ಪಕ್ಕದ ಮನೆಯವರು ಹೆದರಿಸಿದ್ದಾರೆ.

ಓದುವ ಹುಡುಗಿ (ಪೊನ್ನಂಪೇಟೆ)

ಬೆಳ್ಳಿ ಗೆರೆ ರಂಗೋಲಿ ಹುಳುವಿನದು. ಎಲೆಯ ಮೇಲ್ಪದರದ ಕೆಳಗೆ ಸುರಂಗ ಕೊರೆದುಕೊಂಡು ತಿನ್ನುತ್ತದೆ. ಎಳೆ ಎಲೆಗೆ ಮಾತ್ರ ಬರುತ್ತದೆ, ಬಲಿತ ಎಲೆ ಅದಕ್ಕೆ ಬೇಡ. ಗೆರೆ ಬಿದ್ದ ಮೇಲೆ ಹೊಡೆದ ಔಷಧಕ್ಕೆ ಅರ್ಥವಿಲ್ಲ. ಚಿಗುರು ಬೆರಳಿನ ಗೆಣ್ಣಿನಷ್ಟು ಇರುವಾಗಲೇ ಬೇವಿನ ಎಣ್ಣೆ ಬೀಳಬೇಕು. ಮುದುಡಿದ ಎಲೆ ಕೀಳಬೇಡಿ. ಅದರಲ್ಲಿ ಉಳಿದ ಹಸಿರು ಗಿಡಕ್ಕೆ ಅಡುಗೆ ಮಾಡುತ್ತಲೇ ಇರುತ್ತದೆ.

ಆದರೆ ಕಾಗ್ಜಿ ನಿಂಬೆಗೆ ಇದರಿಂದ ಇನ್ನೊಂದು ಅಪಾಯ ಇದೆ. ಆ ಗಾಯದಿಂದ ಕಜ್ಜಿ ರೋಗ ಒಳಗೆ ಹೋಗುತ್ತದೆ. ಎಲೆಯ ಎರಡೂ ಬದಿಯಲ್ಲಿ ಒರಟಾಗಿ ಉಬ್ಬಿದ ಕಂದು ಚುಕ್ಕಿ, ಸುತ್ತ ಹಳದಿ ಉಂಗುರ ಕಂಡರೆ ಅದೇ. ಅಂಥ ಕಡ್ಡಿಯನ್ನು ಒಣ ಹವೆಯಲ್ಲಿ ಕತ್ತರಿಸಿ ಸುಟ್ಟುಬಿಡಿ. ಮಳೆಯಲ್ಲಿ ಕತ್ತರಿಸಿದರೆ ನೀರಿನ ಹನಿ ಸಿಡಿದು ಗಿಡವೆಲ್ಲ ಹಬ್ಬುತ್ತದೆ.

ಈಗ ಕಿತ್ತಳೆ. ಗ್ರೀನಿಂಗ್ ಎಂದು ಹೇಳುವ ಮೊದಲು ಒಂದು ಎಲೆ ಕಿತ್ತು ಬೆಳಕಿಗೆ ಹಿಡಿಯಿರಿ. ನಡುವಿನ ನರದ ಎಡ, ಬಲ ಹೋಲಿಸಿ. ಎರಡೂ ಕಡೆ ಹಳದಿ ಒಂದೇ ರೀತಿ ಹರಡಿದ್ದರೆ ಹೆಚ್ಚಾಗಿ ಪೋಷಕಾಂಶದ ಕೊರತೆ. ಒಂದು ಕಡೆ ಹಳದಿ ಮಚ್ಚೆ ಇರುವ ಜಾಗದಲ್ಲಿ ಇನ್ನೊಂದು ಕಡೆ ಹಸಿರಿದ್ದರೆ, ಅಂದರೆ ಎಡಬಲ ಹೊಂದದಿದ್ದರೆ, ಅನುಮಾನ ಪಡಬೇಕು.

ಕೊರತೆಗಳಲ್ಲೂ ವ್ಯತ್ಯಾಸ ಇದೆ. ಹಳೆ ಎಲೆಯ ಅಂಚು ಹಳದಿಯಾಗಿ ತೊಟ್ಟಿನ ಹತ್ತಿರ ತ್ರಿಕೋನದಂತೆ ಹಸಿರು ಉಳಿದರೆ ಮೆಗ್ನೀಸಿಯಂ ಸಾಲದು. ನಮ್ಮ ಮಳೆಗೆ ಕುಂಡದ ಮಣ್ಣಿನಿಂದ ಅದು ತೊಳೆದು ಹೋಗುವುದು ಮಾಮೂಲು. ಹೊಸ ಎಲೆ ಸಣ್ಣದಾಗಿ, ಕಿರಿದಾಗಿ, ನರಗಳ ನಡುವೆ ಹಳದಿಯಾದರೆ ಸತು. ಹೊಸ ಎಲೆಯಲ್ಲಿ ಸಣ್ಣ ನರಗಳು ಮಾತ್ರ ಹಸಿರು ಬಲೆಯಂತೆ ಉಳಿದು ಉಳಿದದ್ದೆಲ್ಲ ಬೆಳ್ಳಗಾದರೆ ಕಬ್ಬಿಣ. ಹಳೆ ಎಲೆ ಪೂರ್ತಿ ಸಮನಾಗಿ ಮಂಕಾದರೆ ಸಾರಜನಕ.

ನಿಮ್ಮ ಗಿಡದಲ್ಲಿ ಎಲ್ಲ ಒಟ್ಟಿಗೆ ಕಂಡರೆ ಮಣ್ಣಿನಲ್ಲಿ ಎಲ್ಲ ಖಾಲಿಯಾಗಿದೆ ಎಂದೇ ಆಗಬೇಕಿಲ್ಲ. ಬೇರು ಕೊಳೆತ ಗಿಡವೂ ಹೀಗೇ ತೋರಿಸುತ್ತದೆ. ಮಣ್ಣಲ್ಲಿ ಇದ್ದರೂ ಎಳೆದುಕೊಳ್ಳಲು ಆಗುವುದಿಲ್ಲ. ಹಾಗಾಗಿ ನಾನೂ ತೋಟದಮನೆ ಸಾರ್ ಜೊತೆ. ಗಿಡವನ್ನು ಕುಂಡದಿಂದ ಹೊರಗೆ ತೆಗೆದು ನೋಡಿ.

ಕುಶಾಲನಗರ ಕೈತೋಟ

ಕಬ್ಬಿಣದ ಮಾತು ಬಂತಲ್ಲ, ಒಂದು ಸೇರಿಸುತ್ತೇನೆ. ನಮ್ಮ ಕಡೆ ಮಡಿಕೇರಿಯಷ್ಟು ಮಳೆ ಇಲ್ಲ. ಬೇಸಿಗೆಯಲ್ಲಿ ಬೋರ್ ನೀರೇ ಗತಿ. ಗಡಸು ನೀರು ಹಾಕಿ ಹಾಕಿ ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತದೆ, ಹೊಸ ಎಲೆ ಬೆಳ್ಳಗಾಗುತ್ತದೆ. ಆಗ ಕಬ್ಬಿಣ ಹಾಕುವುದಕ್ಕಿಂತ ಹಿಡಿದಿಟ್ಟ ಮಳೆ ನೀರು ಹಾಕುವುದೇ ಮೇಲು.

ಇನ್ನೊಂದು, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಎಲೆ ಮೇಲೆ ಧೂಳು ಕೂತ ಹಾಗೆ ಸಣ್ಣ ಬಿಳಿ ಚುಕ್ಕಿ ಬಂದರೆ ಅದು ನುಸಿ. ಬಿಳಿ ಕಾಗದದ ಮೇಲೆ ಕೊಂಬೆ ಕುಟ್ಟಿ ನೋಡಿ, ಚುಕ್ಕಿ ಓಡಾಡುತ್ತದೆ. ಪೈಪಿನಿಂದ ಎಲೆ ಹಿಂಭಾಗಕ್ಕೆ ಜೋರಾಗಿ ನೀರು ಬಿಟ್ಟರೆ ಅರ್ಧ ಕಡಿಮೆಯಾಗುತ್ತದೆ. ಬೇವಿನ ಎಣ್ಣೆ ಹೊಡೆದ ಎಲೆಗೆ ಕೂಡಲೇ ಗಂಧಕ ಹೊಡೆಯಬೇಡಿ. ಎರಡೂ ಸೇರಿದರೆ ಎಲೆ ಸುಟ್ಟು ಉದುರುತ್ತದೆ.

ಸೋಮವಾರಪೇಟೆ ಸಸಿ

ಗ್ರೀನಿಂಗ್ ವಿಷಯ ಸುಮ್ನೆ ಬಿಡಬೇಡಿ. ನಮ್ಮ ಅಜ್ಜನ ಕಾಲದಲ್ಲಿ ಕಾಫಿ ನಡುವೆ ಕಿತ್ತಳೆ ಮರ ಹೇಗಿತ್ತು, ಈಗ ಹೇಗಿದೆ ಎಲ್ಲರಿಗೂ ಗೊತ್ತು. ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇರುವ ಹಣ್ಣು, ಮರಗಳೇ ಕಡಿಮೆ. ಗ್ರೀನಿಂಗ್, ಟ್ರಿಸ್ಟೆಜಾ ವೈರಸ್, ಬೇರು ಕೊಳೆ ಎಲ್ಲ ಸೇರಿ ತೆಗೆದವು. ಗ್ರೀನಿಂಗ್ ಬಂದ ಗಿಡಕ್ಕೆ ಔಷಧ ಇಲ್ಲ. ಅನುಮಾನ ಬಂದರೆ ಕಿತ್ತು ಸುಡಿ. ಪಕ್ಕದಲ್ಲಿ ಕರಿಬೇವು ಇದ್ದರೆ ಅದನ್ನೂ ತೆಗೆಯಿರಿ, ರೋಗ ಹರಡುವ ಸಿಲ್ಲಿಡ್ ಕೀಟ ಅದರಲ್ಲೂ ಬೆಳೆಯುತ್ತದೆ.

ಕುಶಾಲನಗರ ಕೈತೋಟ

ಕರಿಬೇವು ತೆಗೆದು ಒಗ್ಗರಣೆಗೆ ಏನು ಹಾಕುವುದು? ಅನುಮಾನಕ್ಕೇ ಗಿಡ ಸುಟ್ಟರೆ ಕೊಡಗಿನಲ್ಲಿ ಒಂದು ಕುಂಡವೂ ಉಳಿಯುವುದಿಲ್ಲ.

ಓದುವ ಹುಡುಗಿ (ಪೊನ್ನಂಪೇಟೆ)

ಇಬ್ಬರದೂ ಅರ್ಧ ಸರಿ. ಸೋಮವಾರಪೇಟೆ ಅಣ್ಣ ಹೇಳಿದ ಹಾಗೆ ಖಚಿತವಾದ ಗಿಡ ಇಟ್ಟುಕೊಳ್ಳಬಾರದು. ಅದು ಪಕ್ಕದ ಗಿಡಗಳಿಗೆ ರೋಗದ ಮನೆ. ಆದರೆ ಖಚಿತವಾಗಬೇಕು. ರೋಗ ಇದ್ದರೆ ಬರೀ ಎಲೆ ಅಲ್ಲ, ಕಾಯಿಯೂ ಹೇಳುತ್ತದೆ. ಒಂದು ಕಡೆ ವಾಲಿ ಸೊಟ್ಟಗಾಗುತ್ತದೆ, ತುದಿ ಹಸಿರಾಗೇ ಉಳಿಯುತ್ತದೆ, ಬೀಜ ಜೊಳ್ಳು, ರುಚಿ ಕಹಿ. ಮನುಷ್ಯರಿಗೆ ಅದರಿಂದ ತೊಂದರೆ ಇಲ್ಲ. ಮಣ್ಣಿನಿಂದಲೂ ಹರಡುವುದಿಲ್ಲ. ಸಿಲ್ಲಿಡ್‌ನಿಂದ ಮತ್ತು ರೋಗದ ಗಿಡದ ಕಣ್ಣು (ಚಿಗುರುವ ಮೊಗ್ಗು) ತೆಗೆದು ಮಾಡಿದ ಕಸಿಯಿಂದ ಹರಡುತ್ತದೆ.

ಕರಿಬೇವು ಕಡಿಯಬೇಕಿಲ್ಲ, ನೋಡುತ್ತಿರಬೇಕು. ಎರಡರ ಚಿಗುರಿನಲ್ಲೂ ಹುಡುಕಿ. ಸಿಲ್ಲಿಡ್ ಸಾಸಿವೆ ಕಾಳಿನಷ್ಟು ಕಂದು ಕೀಟ. ತಲೆ ಕೆಳಗೆ, ಬಾಲ ಮೇಲೆ ಎತ್ತಿ ಓರೆಯಾಗಿ ಕೂರುತ್ತದೆ. ಇನ್ಯಾವ ಹೇನೂ ಹಾಗೆ ಕೂರುವುದಿಲ್ಲ. ಮರಿಗಳು ಬಿಳಿ ಮೇಣದ ಸುರುಳಿ ಎಳೆ ಬಿಡುತ್ತವೆ. ಕಂಡರೆ ಆ ಚಿಗುರನ್ನೇ ಚಿವುಟಿ ಸೋಪು ನೀರಿಗೆ ಹಾಕಿ. ಬೇಲಿಗೆ ಕಾಮಿನಿ ಹೂವಿನ ಗಿಡ ನೆಟ್ಟವರೂ ನೋಡಿಕೊಳ್ಳಿ, ಅದೂ ಸಿಲ್ಲಿಡ್‌ಗೆ ಇಷ್ಟ.

ಮಡಿಕೇರಿ ಮಹಡಿ

ಇವತ್ತು ಕಿತ್ತಳೆ ಗಿಡವನ್ನು ಕುಂಡದಿಂದ ತೆಗೆದೆವು. ಒಳಗೆ ಕಂಡದ್ದು ಬೇರೆಯೇ. ನಾವು ತುಂಬಿದ ಕೆಂಪು ಮಣ್ಣು ಸುಲಭವಾಗಿ ಉದುರಿತು, ಅದರಲ್ಲಿ ಬೇರೇ ಇಲ್ಲ. ನಡುವೆ ತೆಂಗಿನಕಾಯಿ ಗಾತ್ರದ ಜೇಡಿ ಮಣ್ಣಿನ ಗಟ್ಟಿ ಉಂಡೆ, ನರ್ಸರಿಯಿಂದ ಬಂದದ್ದು ಹಾಗೇ ಇದೆ. ಬೇರೆಲ್ಲ ಅದರೊಳಗೆ. ಒಡೆದರೆ ಕೊಳೆತ ವಾಸನೆ. ಸಣ್ಣ ಬೇರು ಹಿಡಿದು ಎಳೆದರೆ ಸಿಪ್ಪೆ ಕೈಗೆ ಬರುತ್ತದೆ, ಒಳಗಿನ ದಾರ ಮಾತ್ರ ಉಳಿಯುತ್ತದೆ. ಒಂದು ಪಕ್ಕದಲ್ಲಿ ಮಾತ್ರ ಬೆಳ್ಳಗಿನ ಬೇರು ಇದೆ.

ಎಲೆ ಬೆಳಕಿಗೆ ಹಿಡಿದೆ. ಹೆಚ್ಚಿನವು ಎಡಬಲ ಒಂದೇ ಥರ. ಎರಡು ಎಲೆ ಮಾತ್ರ ಸರಿಯಾಗಿ ಹೇಳಲು ಆಗುತ್ತಿಲ್ಲ.

ತೋಟದಮನೆ (ಸಿದ್ದಾಪುರ)

ಸಿಕ್ಕಿತು ನೋಡಿ. ಸಾಗಿಸುವಾಗ ಒಡೆಯಬಾರದು ಎಂದು ಜೇಡಿ ಉಂಡೆ ಕಟ್ಟುತ್ತಾರೆ. ಆ ಉಂಡೆ ಬೇಸಿಗೆಯಲ್ಲಿ ನೀರು ಕುಡಿಯುವುದಿಲ್ಲ, ಮಳೆಗಾಲದಲ್ಲಿ ಬಿಡುವುದಿಲ್ಲ. ಸುತ್ತಲಿನ ಮಣ್ಣಿನಿಂದ ನೀರು ಇಳಿದು ತೂತಿನಿಂದ ಬರುತ್ತದೆ, ಹಾಗಾಗಿ ಎಲ್ಲ ಸರಿ ಇದೆ ಎಂದೇ ಕಾಣುತ್ತದೆ. ಸಿಪ್ಪೆ ಕಳಚುವ ಬೇರು ಫೈಟಾಫ್ತೊರಾ ಲಕ್ಷಣ, ಬೇರು ಕೊಳೆಸುವ ಶಿಲೀಂಧ್ರದಂಥ ಸೂಕ್ಷ್ಮಜೀವಿ ಅದು. ಮೆಣಸಿನ ಬಳ್ಳಿಗೆ ಸೊರಗು ರೋಗ ತರುವುದರ ಬಳಗವೇ.

ಈಗ ಮಾಡಬೇಕಾದ್ದು. ಉಂಡೆಯನ್ನು ಬಕೆಟ್ ನೀರಿನಲ್ಲಿ ನೆನೆಸಿ, ಕೈಯಲ್ಲೇ ಮೆಲ್ಲಗೆ ಬಿಡಿಸಿ. ಕೊಳೆತ ಬೇರನ್ನು ಬೆಳ್ಳಗಿನ ಭಾಗ ಕಾಣುವವರೆಗೆ ಕತ್ತರಿಸಿ. ಬೇರು ಅರ್ಧ ಹೋದರೆ ಮೇಲಿನ ಕೊಂಬೆಯನ್ನೂ ಮೂರರಲ್ಲಿ ಒಂದು ಭಾಗ ಇಳಿಸಿ, ಇಲ್ಲದಿದ್ದರೆ ಅಷ್ಟು ಎಲೆಗೆ ನೀರು ಕೊಡಲು ಅದಕ್ಕೆ ಆಗುವುದಿಲ್ಲ. ಬೇರು ಇರುವಷ್ಟಕ್ಕೇ ಸಾಲುವ ಸಣ್ಣ ಕುಂಡಕ್ಕೆ ಹಾಕಿ. ದೊಡ್ಡ ಕುಂಡದ ಹಸಿ ಮಣ್ಣು ಸಣ್ಣ ಬೇರಿಗೆ ಶತ್ರು.

ಮಣ್ಣಿಗೆ ಕೆಂಪು ಮಣ್ಣು, ದಪ್ಪ ಮರಳು, ಚೆನ್ನಾಗಿ ಕಳಿತ ಗೊಬ್ಬರ, ಜೊತೆಗೆ ಇಟ್ಟಿಗೆ ಚೂರು. ಕಾಫಿ ಸಿಪ್ಪೆ ಹಾಕುವುದಾದರೆ ಪೂರ್ತಿ ಕಳಿತದ್ದು ಮಾತ್ರ. ಹಸಿ ಸಿಪ್ಪೆ ಕಳಿಯುವಾಗ ಗಿಡದ ಸಾರಜನಕವನ್ನೇ ಎಳೆದುಕೊಳ್ಳುತ್ತದೆ. ತಳಕ್ಕೆ ಜಲ್ಲಿ ತುಂಬಿದರೆ ನೀರು ಚೆನ್ನಾಗಿ ಇಳಿಯುತ್ತದೆ ಎನ್ನುವುದನ್ನು ನಂಬಬೇಡಿ. ನೀರು ಜಲ್ಲಿಯ ಮೇಲಿನ ಮಣ್ಣಿನಲ್ಲೇ ನಿಲ್ಲುತ್ತದೆ, ಬೇರಿಗೆ ಜಾಗ ಕಡಿಮೆಯಾಗುತ್ತದೆ ಅಷ್ಟೇ. ತೂತಿಗೆ ಹೆಂಚಿನ ಚೂರು ಸಾಕು. ಕುಂಡವನ್ನು ಇಟ್ಟಿಗೆ ಮೇಲೆ ಎತ್ತಿ ಇಡಿ.

ಸೋಮವಾರಪೇಟೆ ಸಸಿ

ಬುಡಕ್ಕೆ ಬೋರ್ಡೋ ಹಾಕಿ, ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ಶಿಲೀಂಧ್ರನಾಶಕ ದ್ರಾವಣ ಅದು. ತೋಟದವರಿಗೆ ನೂರು ಲೀಟರ್ ಲೆಕ್ಕ ಗೊತ್ತು, ಮಹಡಿಯವರಿಗೆ ಚಿಕ್ಕ ಲೆಕ್ಕ ಹೇಳುತ್ತೇನೆ. 10 ಗ್ರಾಂ ಮೈಲುತುತ್ತ ಅರ್ಧ ಲೀಟರ್ ನೀರಿನಲ್ಲಿ, 10 ಗ್ರಾಂ ಸುಣ್ಣ ಇನ್ನರ್ಧ ಲೀಟರ್‌ನಲ್ಲಿ. ಪ್ಲಾಸ್ಟಿಕ್ ಬಕೆಟ್ ಆಗಬೇಕು, ಕಬ್ಬಿಣ ಬೇಡ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಿ. ಹೊಳೆಯುವ ಕಬ್ಬಿಣದ ಚಾಕು ಅದ್ದಿ ನೋಡಿ, ಕೆಂಪಗೆ ತಾಮ್ರ ಅಂಟಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಅವತ್ತೇ ಬಳಸಿ ಮುಗಿಸಿ. ಕಾಗ್ಜಿ ನಿಂಬೆಯ ಕಜ್ಜಿಗೂ ಇದೇ ಸಿಂಪಡಿಸಬಹುದು.

ಓದುವ ಹುಡುಗಿ (ಪೊನ್ನಂಪೇಟೆ)

ಬೋರ್ಡೋ ಮತ್ತು ಟ್ರೈಕೋಡರ್ಮಾ ಎರಡನ್ನೂ ಒಟ್ಟಿಗೆ ಮಣ್ಣಿಗೆ ಹಾಕಬೇಡಿ. ಟ್ರೈಕೋಡರ್ಮಾ ಬೇರು ಕೊಳೆ ತಡೆಯುವ ಒಳ್ಳೆಯ ಶಿಲೀಂಧ್ರ, ತಾಮ್ರ ಅದನ್ನೂ ಕೊಲ್ಲುತ್ತದೆ. ಒಂದನ್ನು ಆರಿಸಿ. ಹೊಸ ಮಣ್ಣಿಗೆ ಹಾಕುತ್ತಿರುವುದರಿಂದ ನಾನಾದರೆ ಗೊಬ್ಬರದಲ್ಲಿ ಟ್ರೈಕೋಡರ್ಮಾ ಬೆರೆಸಿ, ಬೋರ್ಡೋವನ್ನು ಕಾಂಡಕ್ಕೆ ಮಾತ್ರ ಇಟ್ಟುಕೊಳ್ಳುತ್ತೇನೆ.

ಮಣ್ಣಿಗೆ ಬೆರೆಸಿದ್ದು ಬಿಟ್ಟು ಈಗಲೇ ಬೇರೆ ಗೊಬ್ಬರ, ಯೂರಿಯಾ ಬೇಡ. ಹೊಸ ಚಿಗುರು ಕಾಣುವವರೆಗೆ ಕಾಯಿರಿ. ಬೇರು ಇಲ್ಲದ ಗಿಡಕ್ಕೆ ಬೇಕಾದರೆ ಎಲೆಯ ಮೂಲಕ ಸ್ವಲ್ಪ ಕೊಡಬಹುದು. 1 ಲೀಟರ್‌ಗೆ 5 ಗ್ರಾಂ ಜಿಂಕ್ ಸಲ್ಫೇಟ್, ಜೊತೆಗೆ ಎರಡೂವರೆ ಗ್ರಾಂ ಸುಣ್ಣ, ಸುಣ್ಣ ಇಲ್ಲದಿದ್ದರೆ ಎಲೆ ಸುಡುತ್ತದೆ. ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಸಿಟ್ರಸ್ ಸ್ಪೆಷಲ್ (ಎಲೆಗೆ ಸಿಂಪಡಿಸುವ ಪೋಷಕಾಂಶಗಳ ಮಿಶ್ರಣ) ಸಿಕ್ಕರೆ ಇನ್ನೂ ಸುಲಭ, ಪ್ಯಾಕೆಟ್ ಮೇಲಿನ ಪ್ರಮಾಣದಲ್ಲೇ ಹಾಕಿ.

ಕಸಿ ಗಂಟಿನ ಕೆಳಗಿನಿಂದ ಮುಳ್ಳು ಜಾಸ್ತಿ ಇರುವ ಚಿಗುರು ಬಂದರೆ ಚಿವುಟಿಬಿಡಿ. ಅದು ಬೇರುಗಿಡದ್ದು, ಕಿತ್ತಳೆಯದಲ್ಲ. ಸೊರಗಿದ ಗಿಡದಲ್ಲಿ ಅದೇ ಮೊದಲು ಮೇಲೇಳುವುದು.

ಮಡಿಕೇರಿ ಮಹಡಿ

ಹಾಗೇ ಮಾಡುತ್ತೇವೆ. ಬಾಟಲಿಗಳನ್ನು ಅಂಗಡಿಯವರು ವಾಪಸ್ ತೆಗೆದುಕೊಂಡರು, ಬದಲಿಗೆ ಮೈಲುತುತ್ತ ಕೊಟ್ಟರು. ಆ ಎರಡು ಅನುಮಾನದ ಎಲೆಗೆ ಏನು ಮಾಡಲಿ?

ಓದುವ ಹುಡುಗಿ (ಪೊನ್ನಂಪೇಟೆ)

ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರಕ್ಕೋ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋರಿಸಿ. ನಿಮಗೆ ಚೆಟ್ಟಳ್ಳಿ ಹತ್ತಿರ. ಎಲೆ ಮಾತ್ರ ಅಲ್ಲ, ತುಂಡು ಕಡ್ಡಿ ಸಮೇತ ತೆಗೆದುಕೊಂಡು ಹೋಗಿ. ಒದ್ದೆ ಇಲ್ಲದೆ, ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನ ಬಾಯಿ ಗಟ್ಟಿಯಾಗಿ ಕಟ್ಟಿ. ಎಲೆಯಲ್ಲಿ ಸಿಲ್ಲಿಡ್ ಇದ್ದರೆ ದಾರಿಯಲ್ಲಿ ಸಿಗುವ ತೋಟಕ್ಕೆ ಬಿಟ್ಟ ಹಾಗೆ ಆಗಬಾರದು. ಉತ್ತರ ಬರುವವರೆಗೆ ಆ ಕುಂಡವನ್ನು ಉಳಿದೆರಡರಿಂದ ದೂರ, ಮಹಡಿಯ ಇನ್ನೊಂದು ಮೂಲೆಯಲ್ಲಿ ಇಡಿ.

ತೋಟದಮನೆ (ಸಿದ್ದಾಪುರ)

ಮಳೆ ಸೀದಾ ಬೀಳದ ಮೂಲೆ ಇದ್ದರೆ ಅಲ್ಲಿ. ಬಿಸಿಲೂ ಎರಡು ವಾರ ಅರ್ಧ ಹೊತ್ತು ಸಾಕು.